ಎಂಬತ್ತೆಂಟು ದಿನ ಯಾರವು

ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಬಟ್ಟೆ ಸುಯ್ಯೆಂದಾಗ ಏಳುತ್ತದಲ್ಲ, ಆ ವಾಸನೆ ನನ್ನ ಬಾಲ್ಯದ್ದು. ಸ್ವಲ್ಪ ಗಂಜಿ, ಸ್ವಲ್ಪ ಕೆಂಡ, ಸ್ವಲ್ಪ ಸುಟ್ಟ ಹತ್ತಿ. ನನ್ನಮ್ಮ ಬೀದಿಯವರ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕಿ ನನ್ನನ್ನು ಕಾಲೇಜು ಓದಿಸಿದಳು. ಅವಳ ಮೇಜಿನ ಕೆಳಗೆ ಕೂತು ನಾನು ಬಾಯಿಪಾಠ ಮಾಡುತ್ತಿದ್ದೆ. ತಲೆಯ ಮೇಲೆ ಆ ವಾಸನೆ ನಿಂತಿರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅದೇ ವಾಸನೆ ದಿನಾ ಸಂಜೆ ಆರು ಗಂಟೆಗೆ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರತೊಡಗಿತು. ನನ್ನ ಇಬ್ಬರು ಸೊಸೆಯರೂ ಲಾಂಡ್ರಿ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದರು.

ಆಸ್ಪತ್ರೆ, ಹೋಟೆಲುಗಳ ಚಾದರಗಳು ಅಲ್ಲಿಗೆ ಬರುತ್ತವೆ. ತೊಳೆದ ಚಾದರ ದೊಡ್ಡ ಬಿಸಿ ಉರುಳೆಯೊಳಗೆ ನುಗ್ಗಿ ಆಚೆ ಕಡೆ ಕಾಗದದಂತೆ ಗರಿಗರಿಯಾಗಿ ಹೊರಬೀಳುತ್ತದೆ. ಅದನ್ನು ಮಡಿಸಲು ಇಬ್ಬರು ಬೇಕು. ಒಬ್ಬಳು ಉರುಳೆಯ ಬಾಯಲ್ಲಿ ನಿಂತು ಬಿಸಿ ಅಂಚು ಹಿಡಿದು ಎಳೆಯಬೇಕು, ಇನ್ನೊಬ್ಬಳು ಎದುರು ತುದಿ ಹಿಡಿಯಬೇಕು. ಆಮೇಲೆ ಇಬ್ಬರೂ ಜಾಡಿಸಿ, ಒಬ್ಬರ ಕಡೆಗೊಬ್ಬರು ನಡೆದುಬಂದು, ಮೂಲೆಗೆ ಮೂಲೆ ಕೂಡಿಸಿ, ಬೆರಳಿಗೆ ಬೆರಳು ತಾಗಿಸಿ ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ಆರುನೂರು ಸಲ. ಮೂರು ವರ್ಷದಿಂದ ನನ್ನ ಸೊಸೆಯರಿಬ್ಬರೂ ಅಲ್ಲಿ ಜೋಡಿ. ಮನೆಯಲ್ಲೂ ಹಾಗೆಯೇ ಇದ್ದರು. ದೊಡ್ಡವಳು ಬೆಳಿಗ್ಗೆ ಅಡುಗೆ ಮಾಡಿ ಇಬ್ಬರ ಊಟದ ಡಬ್ಬಿಯನ್ನೂ ತುಂಬುತ್ತಿದ್ದಳು. ಚಿಕ್ಕವಳು ಪಾತ್ರೆ, ಬಟ್ಟೆ, ನನ್ನ ಸ್ನಾನದ ನೀರು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಇಬ್ಬರೂ ನಗುತ್ತಾ ಬೀದಿಯ ತಿರುವು ದಾಟುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಿ.ಎ. ಮಾಡಿಯೂ ಒಂದು ದಿನ ಕೂಡ ಸಂಬಳದ ಕೆಲಸಕ್ಕೆ ಹೋಗದ ನನಗೆ ಆ ನಗು ಕಂಡರೆ ಒಳಗೊಳಗೇ ಚುರ್ರೆನ್ನುತ್ತಿತ್ತು. ಹೊಟ್ಟೆಕಿಚ್ಚು ನಮ್ಮ ಮನೆಗೆ ಆ ತಿಂಗಳು ಹೊಸದಾಗಿ ಬಂದದ್ದೇನಲ್ಲ.

ಒಂದು ಸಂಜೆ ದೊಡ್ಡವಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು. “ಅತ್ತೆ, ಕನ್ನಡಕ ಹಾಕ್ಕೊಳ್ಳಿ! ಸಂಘದವರು ಪುಸ್ತಕ ಕೊಟ್ಟಿದ್ದಾರೆ. ಕಾರ್ಖಾನೆ ಜೊತೆ ಒಪ್ಪಂದ ಆಯ್ತಂತೆ!”

ನಮ್ಮ ಮನೆಯಲ್ಲಿ ಯಾವ ಕಾಗದ ಬಂದರೂ ಓದುವವಳು ನಾನು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಪುಸ್ತಕ ಬಿಡಿಸಿದೆ. ಬಸ್ ಓಡಿಸುವ ದೊಡ್ಡ ಮಗ, ಗೋಡೆಗೆ ಬಣ್ಣ ಬಳಿಯುವ ಚಿಕ್ಕ ಮಗ, ಹನ್ನೆರಡು ವರ್ಷದ ಮೊಮ್ಮಗಳು, ಎಲ್ಲರೂ ಕಿವಿಗೊಟ್ಟರು. ಒಂದೇ ಕೆಲಸಕ್ಕೆ ಒಂದೇ ಸಂಬಳ, ಕಾಯಂ ಆಗಲಿ ಗುತ್ತಿಗೆಯಾಗಲಿ. ತಿಂಗಳ ಕೊನೆಯ ದಿನಕ್ಕೆ ಬಿಡುವಿಲ್ಲದೆ ಮೂರು ವರ್ಷ ಪೂರೈಸಿದವರು ಮೊದಲ ಪಟ್ಟಿಯಲ್ಲಿ ಕಾಯಂ. ಉಳಿದವರದ್ದು ಎರಡನೇ ಪಟ್ಟಿ, ಒಂದು ವರ್ಷದ ಮೇಲೆ. ಕಾಯಂ ಆದವರಿಗೆ ಕಾಯಿಲೆ ರಜೆ, ಕ್ಯಾಂಟೀನ್ ಊಟ.

“ಕ್ಯಾಂಟೀನು!” ದೊಡ್ಡವಳು ಅನ್ನ ಬಡಿಸುವ ಕೈ ನಿಲ್ಲಿಸಿದಳು. “ಏಳು ವರ್ಷದಿಂದ ಬಾಯ್ಲರ್ ಗೋಡೆ ಹತ್ತಿರ ಕುಕ್ಕರುಗಾಲಲ್ಲಿ ಕೂತು ತಿಂದಿದ್ದೀನಿ. ಇನ್ಮೇಲೆ ಕುರ್ಚಿ, ಮೇಜು!”

“ನನಗೆ ಡಬ್ಬಿ ಕಟ್ಟೋರು ಯಾರು ಹಾಗಾದ್ರೆ?” ಎಂದ ಅವಳ ಗಂಡ.

“ನಿಮಗೆ ಎರಡು ಕೈ ಇದೆಯಲ್ಲ. ಅಷ್ಟು ದೊಡ್ಡ ಬಸ್ ತಿರುಗಿಸ್ತೀರಿ, ಒಂದು ಮುಚ್ಚಳ ತಿರುಗಿಸೋಕಾಗಲ್ವಾ?”

ಎಲ್ಲರೂ ನಕ್ಕರು. ಚಿಕ್ಕವಳು ಮಾತ್ರ ಮಡಿಲಲ್ಲಿ ಬೆರಳು ಮಡಚುತ್ತಿದ್ದಳು.

“ಚಿಕ್ಕಮ್ಮ, ಬೆರಳು ಸಾಲದಿದ್ರೆ ನನ್ನದು ತಗೊಳ್ಳಿ,” ಎಂದು ಮೊಮ್ಮಗಳು ಕೈ ಚಾಚಿದಳು.

“ಮೂರು ವರ್ಷಕ್ಕೆ ಎರಡು ತಿಂಗಳು ಕಮ್ಮಿ ನಂಗೆ,” ಎಂದಳು ಚಿಕ್ಕವಳು. ಬೇಸರ ತೋರಿಸದಿರಲು ನೀರು ಕುಡಿದಳು.

ನಾನು ಮುಂದಿನ ಪುಟ ಓದಿದೆ. “ಇನ್ನೊಬ್ಬರ ಟೋಕನ್ನಿನ ಮೇಲೆ ಬದಲಿಯಾಗಿ ದುಡಿದ ದಿನಗಳು ದುಡಿದವರ ಲೆಕ್ಕಕ್ಕೇ ಸೇರತಕ್ಕದ್ದು. ದುಡಿದವರು, ಟೋಕನ್ನಿನವರು, ಒಬ್ಬ ಸಾಕ್ಷಿ, ಮೂವರ ಸಹಿಯುಳ್ಳ ಅರ್ಜಿಯನ್ನು ಹದಿನೈದನೇ ತಾರೀಖಿನೊಳಗೆ ಕೊಡಬೇಕು. ನಿಜ ಹೇಳಿದ ಯಾರ ಮೇಲೂ ಕ್ರಮವಿಲ್ಲ.”

ಓದಿ ಮುಗಿಸಿ ನಾನು ಕನ್ನಡಕ ತೆಗೆದೆ.

“ಅದನ್ನ ಇನ್ನೊಂದ್ಸಲ ಓದಿ ಅತ್ತೆ,” ಎಂದಳು ಚಿಕ್ಕವಳು.

ಮೂರು ವರ್ಷದ ಹಿಂದೆ ನಾನು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ದೊಡ್ಡವಳು ಆಗ ಕಾರ್ಖಾನೆಯ ತೊಳೆಯುವ ಕೋಣೆಯಲ್ಲಿ ನಲವತ್ತೊಂದನೇ ಟೋಕನ್. ಅವಳು ಕೆಲಸ ಬಿಟ್ಟು ನನ್ನ ಹಾಸಿಗೆಯ ಪಕ್ಕ ನಿಂತಳು. ನನ್ನನ್ನು ಮಗುವಿನಂತೆ ಎತ್ತಿ, ತೊಳೆದು, ಉಣಿಸಿದಳು. ಹಾಗೆ ಎತ್ತಿ ಎತ್ತಿ ಅವಳ ಬೆನ್ನು ಹಿಡಿದುಕೊಂಡದ್ದು ಇಂದಿಗೂ ಪೂರ್ತಿ ಬಿಟ್ಟಿಲ್ಲ. ಟೋಕನ್ ಖಾಲಿ ಬಿದ್ದರೆ ಬೇರೆಯವರಿಗೆ ಹೋಗುತ್ತದೆಂದು, ಮದುವೆಯಾಗಿ ಆಗಷ್ಟೇ ಮನೆಗೆ ಬಂದಿದ್ದ ಚಿಕ್ಕವಳು ಅದೇ ಟೋಕನ್ ಕೊರಳಿಗೆ ಹಾಕಿಕೊಂಡು ಹೋದಳು. “ನನಗೆ ಕೈ ಬೇಕು, ಮುಖ ಯಾರದ್ದಾದ್ರೇನು,” ಎಂದಿದ್ದನಂತೆ ಗುತ್ತಿಗೆದಾರನ ಮೇಸ್ತ್ರಿ. ಎಂಬತ್ತೆಂಟು ದಿನ. ಆಮೇಲೆ ದೊಡ್ಡವಳು ತನ್ನ ಟೋಕನ್ನಿಗೆ ಮರಳಿದಳು, ಅದೇ ದಿನ ಚಿಕ್ಕವಳಿಗೆ ಅರವತ್ತಮೂರು ಸಿಕ್ಕಿ, ಇಬ್ಬರನ್ನೂ ಉರುಳೆಗೆ ಜೋಡಿ ಹಾಕಿದರು. ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಒಂದು ದಿನವೂ ತಪ್ಪಿಲ್ಲ.

ಆ ಎಂಬತ್ತೆಂಟು ದಿನ ಹೇಗಿದೆಯೋ ಹಾಗೇ ಬಿಟ್ಟರೆ ದೊಡ್ಡವಳು ಏಳು ವರ್ಷದವಳು, ಈ ತಿಂಗಳೇ ಕಾಯಂ. ಅದನ್ನು ದುಡಿದವಳಿಗೆ ಕೊಟ್ಟರೆ ಚಿಕ್ಕವಳಿಗೆ ಮೂರು ವರ್ಷ ತುಂಬುತ್ತದೆ. ದೊಡ್ಡವಳ ಸೇವೆ ನಡುವೆ ಮುರಿದು, ಮರಳಿ ಬಂದ ದಿನದಿಂದ ಎಣಿಕೆಯಾಗುತ್ತದೆ. ಆಗ ಎರಡು ತಿಂಗಳು ಕಮ್ಮಿಯಾಗುವುದು ಅವಳಿಗೆ.

ತಟ್ಟೆಗಳು ಒಣಗಿದವು. ಯಾರೂ ಏಳಲಿಲ್ಲ.

ಮೂರನೇ ದಿನ ಚಿಕ್ಕವಳು ಅರ್ಜಿಯ ನಮೂನೆ ತಂದು ನನ್ನ ಮುಂದಿಟ್ಟಳು. “ತುಂಬಿಕೊಡಿ ಅತ್ತೆ. ಸಾಕ್ಷಿ ಜಾಗದಲ್ಲಿ ನೀವೇ ಸಹಿ ಹಾಕ್ಬೇಕು. ನಾನು ಹೋದದ್ದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಒಲೆಯ ಮುಂದಿದ್ದ ದೊಡ್ಡವಳು ಸೌಟು ಹಿಡಿದೇ ಬಂದಳು. “ಏನೇ, ಕೈ ಹಿಡಿದು ಕರ್ಕೊಂಡು ಹೋಗಿ ಕೆಲಸ ಕಲಿಸಿದ್ದು ನಾನು. ನನ್ನ ತಲೆ ಮೇಲೇ ಕಾಲಿಡ್ತೀಯಾ?”

“ಕಾಲಿಡೋ ಮಾತಲ್ಲ ಅಕ್ಕ. ದುಡಿದಿದ್ದು ನಾನು.”

“ನಾನೇನು ಆಗ ಮಲಗಿದ್ದೆನಾ?”

“ಮಲಗಿದ್ರಿ ಅಂತ ಯಾರಂದ್ರು? ಆದ್ರೆ ಆ ಚಾದರ ಎಳೆದಿದ್ದು ಈ ಕೈ.”

“ಕೈಯಂತೆ ಕೈ! ಅಲ್ಲೂ ಅಷ್ಟೇ. ಗಂಟೆಗೊಂದ್ಸಲ ಜಾಗ ಬದಲಾಯಿಸ್ಬೇಕು ಅಂತ ನಿಯಮ ಇದೆ. ಮೂರು ವರ್ಷದಲ್ಲಿ ಬದಲಾಯಿಸಿದ್ದೀಯಾ? ಕಿಟಕಿ ಪಕ್ಕದ ಜಾಗ ನಿಂಗೇ ಬೇಕು. ಗಾಳಿ ನಿಂಗೆ, ಬೆಳಕು ನಿಂಗೆ. ಈಗ ಕಾಯಂ ಕುರ್ಚಿನೂ ನಿಂಗೆ!”

ಚಿಕ್ಕವಳು ಕಿಟಕಿಯ ಮಾತು ಬಿಟ್ಟು ಬೇರೆಯದೇ ಮಾತು ಆಡಿದಳು. “ಮನೇಲಿ ಬೀಗದ ಕೈ ನಿಮ್ಮ ಹತ್ರ. ಅತ್ತೆ ಕರೆದ್ರೆ ನಿಮ್ಮನ್ನೇ ಕರೀತಾರೆ. ಯಾರಾದ್ರೂ ಬಂದ್ರೆ ‘ನಮ್ಮ ದೊಡ್ಡ ಸೊಸೆ ಹೀಗೆ ನೋಡ್ಕೊಂಡ್ಳು, ಹಾಗೆ ನೋಡ್ಕೊಂಡ್ಳು’ ಅಂತಾರೆ. ಆ ಮೂರು ತಿಂಗಳು ಅನ್ನ ಎಲ್ಲಿಂದ ಬಂತು ಅಂತ ಯಾರಾದ್ರೂ ಒಂದ್ಸಲ ಹೇಳಿದ್ದಾರಾ? ನಂಗೂ ಹೊಟ್ಟೆ ಉರೀತಿತ್ತು ಅಕ್ಕ. ಹೇಳ್ಲಿಲ್ಲ ಅಷ್ಟೆ.”

ಅದು ನನಗೂ ತಾಗಿದ ಮಾತು. ನಾನು ಹಾಗೆ ಹೇಳಿಯೇ ಇರಲಿಲ್ಲ, ನಿಜ.

“ನೀವು ಅವಳ ಪರ ಸಹಿ ಹಾಕ್ತೀರಾ ಅತ್ತೆ?” ದೊಡ್ಡವಳು ನನ್ನ ಕಡೆ ತಿರುಗಿದಳು. ಸೌಟಿನಿಂದ ಬೇಳೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಇವತ್ತು ಬೇಡ,” ಎಂದೆ. ಇಬ್ಬರಿಗೂ ಅದು ಸಾಲದಾಯಿತು.

ಮರುದಿನ ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಒಂದೇ ಡಬ್ಬಿಯಿತ್ತು. ಚಿಕ್ಕವಳು ಏನೂ ಕೇಳದೆ ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ ಕಾಗದದಲ್ಲಿ ಸುತ್ತಿಕೊಂಡು ಹೋದಳು. ಸಂಜೆ ಅವಳು ತನ್ನ ಮತ್ತು ಗಂಡನ ತಟ್ಟೆಗಳನ್ನು ಮಾತ್ರ ತೊಳೆದಿಟ್ಟಳು. ದೊಡ್ಡವಳು ತನ್ನ ಬಟ್ಟೆ ಒಣಹಾಕುವಾಗ ಚಿಕ್ಕವಳ ಬಟ್ಟೆಗಳನ್ನು ಹಗ್ಗದ ಒಂದು ತುದಿಗೆ ಒತ್ತರಿಸಿದಳು. ಇಬ್ಬರೂ ಒಂದೇ ಹೊತ್ತಿಗೆ ಹೊರಟು, ಬೀದಿಯ ಎರಡು ಬದಿಯಲ್ಲಿ ನಡೆದುಹೋಗುತ್ತಿದ್ದರು. ಅಲ್ಲಿ ಹೋಗಿ ಮತ್ತೆ ಎದುರುಬದುರು ನಿಂತು ಚಾದರ ಮಡಿಸಬೇಕು, ಆರುನೂರು ಸಲ ಬೆರಳಿಗೆ ಬೆರಳು ತಾಗಿಸಬೇಕು. ಅದನ್ನು ನೆನೆದರೆ ನನಗೆ ಇಬ್ಬರ ಮೇಲೂ ಮರುಕ ಬರುತ್ತಿತ್ತು.

ಗಂಡಸರು ತಪ್ಪಿಸಿಕೊಂಡು ಓಡಾಡಿದರು.

“ನೀನೇ ಒಂದು ಮಾತು ಹೇಳಪ್ಪ,” ಎಂದೆ ದೊಡ್ಡ ಮಗನಿಗೆ.

“ನನ್ನನ್ನ ಮಧ್ಯೆ ಎಳೀಬೇಡಮ್ಮ. ಒಬ್ಬಳು ಹೆಂಡ್ತಿ, ಒಬ್ಬಳು ತಮ್ಮನ ಹೆಂಡ್ತಿ. ಎಲ್ಲಿ ಬ್ರೇಕ್ ಹಾಕಿದ್ರೂ ಹಿಂದಿನವರು ಬಂದು ಗುದ್ದುತ್ತಾರೆ.”

ಚಿಕ್ಕ ಮಗ ಕೈಗಂಟಿದ ಬಣ್ಣ ಕೆರೆಯುತ್ತಾ, “ಅಣ್ಣ ಮಾತಾಡ್ತಿಲ್ಲ, ನಾನು ಮಾತಾಡಿದ್ರೆ ಅವನಿಗೆ ಬೇಜಾರಾಗತ್ತೆ,” ಎಂದ. ಹೆಂಡತಿ ಇಲ್ಲದಾಗ ಮಾತ್ರ ಅಷ್ಟು ಹೇಳಿದ.

ಭಾನುವಾರ ಸಂಘದ ಕಾರ್ಯದರ್ಶಿ ಮನೆಗೆ ಬಂದಳು. ಉರುಳೆಯ ಕಡೆಯ ಹಳೆಯ ಕೆಲಸಗಾರ್ತಿ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಲ್ಲಿ ಇಳಿಬಿಟ್ಟಿದ್ದರಿಂದ ಎಲ್ಲರಿಗೂ ದಾರದಕ್ಕ. ಚಹಾ ಕುಡಿಯುವ ಮೊದಲು ಲೋಟವನ್ನು ನನಗೊಮ್ಮೆ ತೋರಿಸಿ, “ನಿಮಗೆ?” ಎಂದು ಕೇಳಿದಳು. ನನಗೆ ಅಷ್ಟಕ್ಕೇ ಇಷ್ಟವಾದಳು.

“ದುಡಿದ ದಿನ ದುಡಿದವರದ್ದು. ಅದು ಸಂಘದ ನೀತಿ, ಅದನ್ನ ಬಿಡೋಕಾಗಲ್ಲ,” ಎಂದಳು. “ಟೋಕನ್ ಇಟ್ಕೊಂಡು ಬೇರೆಯವರ ಬೆವರು ತಮ್ಮ ಹೆಸರಿಗೆ ಬರೆಸ್ಕೊಂಡೋರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.”

“ನಾನು ಅಂಥವಳಾ?” ದೊಡ್ಡವಳ ದನಿ ಒಡೆಯಿತು.

“ನೀನಲ್ಲಮ್ಮ. ಆದ್ರೆ ನಿಯಮಕ್ಕೆ ಮುಖ ಕಾಣಲ್ಲ.”

“ಸರಿ, ಅವಳು ದುಡಿದದ್ದು ಅವಳದ್ದು,” ಎಂದೆ ನಾನು. “ಇವಳು ನನ್ನನ್ನು ನೋಡಿಕೊಂಡದ್ದು ಯಾರದ್ದು? ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡರೆ ಸೇವೆ ಮುರಿಯುತ್ತದೆ ಅಂತ ನೀವೇ ಒಪ್ಪಿ ಬಂದಿರಲ್ಲ?”

ದಾರದಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಅದನ್ನ ಕೇಳಿದ್ವಿ ಅಮ್ಮ. ಎರಡು ದಿನ ಅದೊಂದಕ್ಕೇ ಜಗಳ ಆಡಿದ್ವಿ. ಕೊನೆಗೆ ಒಂದೇ ಸಂಬಳದ ಮಾತು ಉಳಿಸ್ಕೊಳ್ಳೋಕೆ ಅದನ್ನ ಬಿಟ್ವಿ. ತಪ್ಪು ಅನಿಸಿದ್ರೆ ಬೈಯಿರಿ. ಅಥವಾ ಬರ್ಕೊಡಿ. ಬರೆದ ಕಾಗದ ಇದ್ರೆ ಮುಂದಿನ ಸಲ ಮೇಜಿನ ಮೇಲೆ ಇಡ್ತೀನಿ.”

ಅವಳು ಹೋದ ಮೇಲೆ ದೊಡ್ಡವಳು ಲೋಟಗಳನ್ನು ಸದ್ದು ಮಾಡುತ್ತಾ ತೊಳೆದಳು. “ಮುಂದಿನ ಸಲವಂತೆ. ಅಷ್ಟೊತ್ತಿಗೆ ನಮ್ಮ ಮಹಾರಾಣಿ ಕ್ಯಾಂಟೀನಲ್ಲಿ ಕೂತು ಕೂತು ದಪ್ಪ ಆಗಿರ್ತಾಳೆ.”

ಸೋಮವಾರ ಅವಳು ಮೇಸ್ತ್ರಿಯ ಹತ್ತಿರ ಹೋಗಿ ಜೋಡಿ ಬದಲಾಯಿಸಿಕೊಂಡಳು. ರಾತ್ರಿ ಊಟದ ಹೊತ್ತಿನಲ್ಲಿ ಅದನ್ನು ಗೆದ್ದವಳಂತೆ ಹೇಳಿದಳು. “ನಾಳೆಯಿಂದ ಕಿಟಕಿ ಪಕ್ಕದ ಜಾಗ ನಂದು. ಹೊಸ ಜೋಡಿ ತಾನಾಗೇ ಬಿಟ್ಟುಕೊಟ್ಳು, ಪಾಪ, ಒಳ್ಳೆಯವಳು.”

ಚಿಕ್ಕವಳು ತಲೆಯೆತ್ತಿದಳು. “ಅಕ್ಕ, ಅಲ್ಲಿ...”

“ನನ್ನ ಜೊತೆ ಮಾತಾಡ್ಬೇಡ.”

ಚಿಕ್ಕವಳು ತಟ್ಟೆಯ ಕಡೆ ನೋಡಿದಳು. ಮರುದಿನ ಬೆಳಿಗ್ಗೆ ದೊಡ್ಡವಳ ಚಪ್ಪಲಿಯ ಪಕ್ಕ ಹತ್ತಿಬಟ್ಟೆಯ ಹಳೆಯ ಕೈಗವಸು ಒಂದು ಜೊತೆ ಇಟ್ಟದ್ದನ್ನು ನಾನು ಕಂಡೆ. ದೊಡ್ಡವಳು ಅದನ್ನು ಕಾಲಿನಿಂದ ಬದಿಗೆ ಸರಿಸಿ ಹೋದಳು.

ಮೂರು ದಿನ ಅವಳು ಸಂಜೆ ಬಂದವಳೇ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಗುರುವಾರ ನಾವಿಬ್ಬರೂ ಆಲೂಗಡ್ಡೆ ಸಿಪ್ಪೆ ತೆಗೆಯಲು ಕೂತೆವು. ಎರಡನೆಯದಕ್ಕೇ ಅವಳ ಕೈಯಿಂದ ಚಾಕು ಜಾರಿತು. ನಾನು ಅವಳ ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳ ತುದಿಗಳೆಲ್ಲ ಕೆಂಪಗೆ ಊದಿ, ಎರಡು ಕಡೆ ಬೊಬ್ಬೆ ಎದ್ದಿತ್ತು.

“ಇದೇನೇ?”

ಅವಳು ಕೈ ಎಳೆದುಕೊಳ್ಳಲಿಲ್ಲ. “ಆ ಕಿಟಕಿ ತೆಗೆಯೋದೇ ಇಲ್ಲ ಅತ್ತೆ.”

“ಅಂದರೆ?”

“ಮೊಳೆ ಹೊಡೆದಿದ್ದಾರೆ. ನನ್ನ ಕಡೆಯಿಂದ ನೋಡಿದ್ರೆ ಬೆಳಕು ಕಾಣ್ತಿತ್ತು, ಗಾಳಿನೂ ಬರುತ್ತೆ ಅಂದ್ಕೊಂಡಿದ್ದೆ. ಗಾಳಿಯೂ ಇಲ್ಲ, ಮಣ್ಣೂ ಇಲ್ಲ. ಉರುಳೆ ಬಾಯಿಂದ ಬರೋ ಹಬೆ ಎಲ್ಲಾ ಅಲ್ಲೇ ನಿಲ್ಲುತ್ತೆ. ಬಗ್ಗಿ ಎಳೀಬೇಕು, ಬಗ್ಗಿದ್ರೆ ಬೆನ್ನು ಕೀಳುತ್ತೆ. ಹೊಸ ಜೋಡಿ ಯಾಕೆ ಖುಷಿಯಿಂದ ಬಿಟ್ಟುಕೊಟ್ಳು ಅಂತ ಮೊದಲನೇ ಗಂಟೇಲೇ ಗೊತ್ತಾಯ್ತು.” ಅವಳು ಸಿಪ್ಪೆಗಳನ್ನು ಒಂದೊಂದಾಗಿ ಗುಡ್ಡೆ ಮಾಡಿದಳು. “ಗಂಟೆ ಹೊಡೆದಾಗೆಲ್ಲ ನಾನು ಜಾಗ ಬದಲಾಯಿಸೋಕೆ ಅಂತ ಹೆಜ್ಜೆ ಇಟ್ರೆ, ‘ನೀವು ಅಲ್ಲೇ ಇರಿ ಅಕ್ಕ’ ಅಂತಿದ್ಳು ನಿಮ್ಮ ಚಿಕ್ಕ ಸೊಸೆ. ಮೂರು ವರ್ಷ. ನಾನು ಮನಸ್ಸಲ್ಲೇ ಬೈಕೋತಿದ್ದೆ.”

ಹಿತ್ತಲಿನಲ್ಲಿ ಚಿಕ್ಕವಳು ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ನಾನು ಗೋಡೆ ಹಿಡಿದು ಎದ್ದು ಅಲ್ಲಿಗೆ ಹೋದೆ.

“ನಿನ್ನ ಅಕ್ಕನಿಗೆ ಯಾಕೆ ಹೇಳಲಿಲ್ಲ?”

“ಏನು ಹೇಳೋದು ಅತ್ತೆ? ಅವರಿಗೆ ಬೆನ್ನು ಬಗ್ಗಲ್ಲ. ಹೇಳಿದ್ರೆ ಹಟಕ್ಕೆ ಬಿದ್ದು ಬಂದು ನಿಲ್ತಿದ್ರು.” ಅವಳು ಸೀರೆಯ ತುದಿ ಹಿಡಿದು ಜಾಡಿಸಿದಳು. “ಆದ್ರೆ ಆ ದಿನಗಳು ನನ್ನವು ಅತ್ತೆ. ಅದನ್ನ ಬಿಟ್ಟುಕೊಡಲ್ಲ. ಇದು ಬೇರೆ, ಅದು ಬೇರೆ.”

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾದದ್ದನ್ನು ಒಪ್ಪಿಕೊಳ್ಳಲು ನನಗೆ ಎರಡು ವಾರ ಹಿಡಿದಿತ್ತು. ಅಂದೇ ನಾನು ಅರ್ಜಿ ತುಂಬಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ಜೊತೆಗೆ ಬೇರೊಂದು ಹಾಳೆಯಲ್ಲಿ ಸಂಘಕ್ಕೆ ಒಂದು ಕಾಗದ ಬರೆದೆ. ಆ ಎಂಬತ್ತೆಂಟು ದಿನ ಒಬ್ಬಳು ಕಾರ್ಖಾನೆಯಲ್ಲಿ ದುಡಿದಳು, ಇನ್ನೊಬ್ಬಳು ನನ್ನ ಹಾಸಿಗೆಯ ಪಕ್ಕದಲ್ಲಿ ದುಡಿದಳು. ಎರಡನೆಯದನ್ನು ಬಿಡುವು ಎಂದು ಬರೆದವರು ಒಮ್ಮೆ ಸೊಂಟ ಮುರಿದುಕೊಂಡು ನೋಡಲಿ ಎಂದು ಬರೆದು, ಕೊನೆಯ ಮಾತು ಒರಟಾಯಿತೆನಿಸಿ ಹೊಡೆದುಹಾಕಿದೆ. ಮೊಮ್ಮಗಳು ಇಣುಕಿ ಓದಿ, “ಅದನ್ನ ಬಿಡಿ ಅಜ್ಜಿ, ಅದೇ ಚೆನ್ನಾಗಿದೆ,” ಎಂದಳು. ಮತ್ತೆ ಬರೆದೆ.

ಹದಿನೈದನೇ ತಾರೀಖು ಬೆಳಿಗ್ಗೆ ಅರ್ಜಿ ಮೇಜಿನ ಮೇಲೆಯೇ ಇತ್ತು, ಟೋಕನ್ನಿನವರು ಸಹಿ ಹಾಕುವ ನಡುವಿನ ಜಾಗ ಖಾಲಿ. ಚಿಕ್ಕವಳು ತಲೆ ಬಾಚಿಕೊಳ್ಳುತ್ತಾ ಅದರ ಸುತ್ತಲೇ ಸುಳಿಯುತ್ತಿದ್ದಳು. ಕೇಳಲಾರಳು, ಬಿಟ್ಟು ಹೋಗಲಾರಳು. ದೊಡ್ಡವಳು ಒದ್ದೆ ಕೈ ಒರೆಸಿಕೊಂಡು ಬಂದಳು. ಊದಿದ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ. ಎರಡನೇ ಸಲ ಹಿಡಿದು, ಹಲ್ಲು ಕಚ್ಚಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದಳು.

“ಅಕ್ಕ...” ಎಂದಳು ಚಿಕ್ಕವಳು.

“ಏನೂ ಹೇಳ್ಬೇಡ. ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ಹಾಕಿಲ್ಲ. ನಂಗೆ ಇನ್ನೂ ಹೊಟ್ಟೆ ಉರೀತಿದೆ. ನಿನ್ನ ಮುಖ ನೋಡಿದ್ರೆ ಇನ್ನೂ ಜಾಸ್ತಿ ಉರಿಯುತ್ತೆ. ತಗೊಂಡು ಹೋಗು.”

ಚಿಕ್ಕವಳು ತಗೊಂಡು ಹೋದಳು. ಅಂದೇ ಮಧ್ಯಾಹ್ನ ಮೇಸ್ತ್ರಿಯ ಹತ್ತಿರ ಜಗಳವಾಡಿ ಅವಳು ಹಳೆಯ ಜೋಡಿಯನ್ನು ವಾಪಸು ಕೇಳಿದಳಂತೆ. ದಾರದಕ್ಕ ಬಂದು ನಿಂತ ಮೇಲೆ ಮೇಸ್ತ್ರಿ ಒಪ್ಪಿದನಂತೆ. ಗಂಟೆಗೊಂದು ಸಲ ಜಾಗ ಬದಲಾಗಲೇಬೇಕು, ಬಿಸಿ ಕಡೆಯವರಿಗೆ ಕೈಗವಸು ಕಾರ್ಖಾನೆಯೇ ಕೊಡಬೇಕು ಎಂದು ಚಿಕ್ಕವಳು ಅಲ್ಲೇ ಬರೆಸಿಕೊಂಡಳಂತೆ. ಇದನ್ನೆಲ್ಲ ನನಗೆ ಹೇಳಿದವಳು ದೊಡ್ಡವಳು, ಅದೂ ಮುಖ ಊದಿಸಿಕೊಂಡು. ಮನೆಯಲ್ಲಿ ಇನ್ನೂ ಮಾತಿರಲಿಲ್ಲ. ಆದರೆ ಹಗ್ಗದ ಮೇಲೆ ಬಟ್ಟೆಗಳು ಒಂದರ ಪಕ್ಕ ಒಂದು ಬಂದಿದ್ದವು.

ಮುಂದಿನ ತಿಂಗಳು ಪಟ್ಟಿ ಅಂಟಿಸಿದರು. ಚಿಕ್ಕವಳ ಅರವತ್ತಮೂರು ಮೊದಲ ಪಟ್ಟಿಯಲ್ಲಿತ್ತು. ನಲವತ್ತೊಂದು ಎರಡನೆಯದರ ಮೊದಲನೇ ಸಾಲಿನಲ್ಲಿತ್ತು. ನನ್ನ ಕಾಗದ ಏನಾಯಿತೆಂದು ಕೇಳಿ ಕಳಿಸಿದೆ; ಮುಂದಿನ ಬೇಡಿಕೆಗಳಲ್ಲಿ ಅದೇ ಮೊದಲನೆಯದೆಂದು ದಾರದಕ್ಕ ಹೇಳಿ ಕಳಿಸಿದಳು. ಅಷ್ಟು ಮಾತ್ರ.

ಶನಿವಾರ ಚಿಕ್ಕವಳು ಕಾಯಂ ಕೆಲಸಗಾರರ ನೀಲಿ ಅಂಗಿ ತಂದಳು. ಯಾರಿಗೂ ತೋರಿಸದೆ ಕೋಣೆಯಲ್ಲಿ ನೇತುಹಾಕಿದಳು. ಅವಳು ನೀರಿಗೆ ಹೋದಾಗ ದೊಡ್ಡವಳು ಒಳಗೆ ಹೋಗಿ ಅಂಗಿಯ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡುತ್ತಾ ನಿಂತಳು. ನಾನು ಕಂಡೆನೆಂದು ಗೊತ್ತಾಗಿ, “ಹೊಲಿಗೆ ಬಿಟ್ಟಿದೆ ಇಲ್ಲಿ. ಕಾಯಂ ಅಂಗಿ ಅಂತೆ,” ಎಂದಳು. ಆಮೇಲೆ ಸೂಜಿ ತಂದು ಅದನ್ನು ಹೊಲಿದಳು. ಹೊಲಿಯುವಾಗಲೂ ಅವಳ ಹುಬ್ಬು ಗಂಟಿಕ್ಕಿಯೇ ಇತ್ತು.

ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಬೆಂದ ಆಲೂಗಡ್ಡೆಯ, ಈರುಳ್ಳಿಯ ವಾಸನೆ ತುಂಬಿತ್ತು. ಕಟ್ಟೆಯ ಮೇಲೆ ಎರಡು ಡಬ್ಬಿಗಳಿದ್ದವು.

“ಅಮ್ಮ, ಚಿಕ್ಕಮ್ಮನಿಗೆ ಇವತ್ತಿಂದ ಕ್ಯಾಂಟೀನ್ ಊಟ. ಎರಡು ಡಬ್ಬಿ ಯಾಕೆ?” ಎಂದಳು ಮೊಮ್ಮಗಳು.

“ನೀನು ನಿನ್ನ ಜಡೆ ನೋಡ್ಕೋ.”

ಚಿಕ್ಕವಳು ನೀಲಿ ಅಂಗಿ ತೊಟ್ಟು ಬಾಗಿಲ ಹತ್ತಿರ ಬಂದು ನಿಂತಳು. ಜೇಬಿನಿಂದ ಕ್ಯಾಂಟೀನಿನ ಚೀಟಿಯ ತುದಿ ಹೊರಗೆ ಕಾಣುತ್ತಿತ್ತು. ದೊಡ್ಡವಳು ಒಂದು ಡಬ್ಬಿ ತನ್ನ ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಎತ್ತಿಕೊಂಡು ಬಂದಳು. ಮುಖ ಬೀದಿಯ ಕಡೆಗಿತ್ತು, ಕೈ ಮಾತ್ರ ಮುಂದೆ ಚಾಚಿತ್ತು.

ಚಿಕ್ಕವಳು ಚೀಟಿಯನ್ನು ಬೆರಳಿನಿಂದ ಜೇಬಿನೊಳಕ್ಕೆ ತಳ್ಳಿ ಎರಡೂ ಕೈ ಒಡ್ಡಿದಳು. ಡಬ್ಬಿ ಇನ್ನೂ ಸುಡುತ್ತಿತ್ತು. ದೊಡ್ಡವಳು ಹೆಗಲ ಮೇಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರ ತಳಕ್ಕೆ ಒತ್ತಿಟ್ಟು, ಆಮೇಲೆ ಕೈ ಬಿಟ್ಟಳು.